ಒಕ್ಕಲುತನದಲ್ಲಿ ಘರ್ಷಣೆಯ ಲೆಕ್ಕ

ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ವಿಜ್ಞಾನದ ಪುಸ್ತಕ ಇದ್ದೇ ಇರುತ್ತದೆ. ಅದರಲ್ಲಿ ಘರ್ಷಣೆ ಎಂಬ ಒಂದು ಪಾಠವೂ ಇರುತ್ತದೆ. ಹಲಗೆಯ ಮೇಲೊಂದು ಇಟ್ಟಿಗೆ, ಇಟ್ಟಿಗೆಗೆ ಕಟ್ಟಿದ ದಾರ, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ, ಇಂಥದೊಂದು ಚಿತ್ರ. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಬೇಸಿಗೆ ರಜೆಯಲ್ಲಿ ಮರೆತುಬಿಡುತ್ತಾರೆ. ತಂದೆಯಾದವನು ಆ ಪುಟವನ್ನು ತಿರುವಿ ನೋಡುವುದೂ ಅಪರೂಪ. ಆದರೆ ಹುನಗುಂದದ ಎರೆ ಹೊಲದಲ್ಲಿ ಕುಂಟೆ ಎಳೆಯುವ ಎತ್ತಿನ ಹೆಗಲ ಮೇಲಿನ ಭಾರ, ಬಾದಾಮಿಯ ಗುಡ್ಡದ ರಸ್ತೆಯಲ್ಲಿ ಹೇರು ತುಂಬಿಕೊಂಡು ಇಳಿಯುವ ಟ್ರೇಲರಿನ ಓಟ, ಇಳಕಲ್ಲಿನ ಮಗ್ಗದ ಮೇಲೆ ಪಟಪಟನೆ ಹರಿಯುವ ಎಳೆ, ಇವೆಲ್ಲ ಆ ಒಂದು ಪಾಠಕ್ಕೇ ಸೇರಿದವು. ಆದುದರಿಂದ ಆ ಪಾಠವನ್ನು ಹೊಲಕ್ಕೂ ರಸ್ತೆಗೂ ಹೊಂದಿಸಿ ಇಲ್ಲಿ ವಿವರಿಸಲಾಗಿದೆ.

ಹಲಗೆಯ ಪ್ರಯೋಗ

ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ. ಇದಕ್ಕೆ ಸ್ಪ್ರಿಂಗ್ ತಕ್ಕಡಿ ಬೇಕಾಗಿಲ್ಲ. ಮೂರು ಅಡಿ ಉದ್ದದ ಸಮನಾದ ಹಲಗೆಯೊಂದು, ಅಳತೆಪಟ್ಟಿಯೊಂದು ಇದ್ದರೆ ಸಾಕು. ಹಲಗೆಯನ್ನು ನೆಲದ ಮೇಲಿಟ್ಟು ಅದರ ಮೇಲೆ ಒಂದು ಕಟ್ಟಿಗೆಯ ತುಂಡನ್ನು ಇಡಬೇಕು. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತ ಹೋದರೆ ಒಂದು ಹಂತದಲ್ಲಿ ತುಂಡು ಜಾರತೊಡಗುತ್ತದೆ. ಆ ಕ್ಷಣಕ್ಕೆ ಎತ್ತುವುದನ್ನು ನಿಲ್ಲಿಸಿ, ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಆ ತುದಿಯ ನೇರ ಕೆಳಗಿನ ಬಿಂದುವಿನಿಂದ ಹಲಗೆ ನೆಲ ಮುಟ್ಟಿದ ಜಾಗದವರೆಗೆ ಎಷ್ಟು ದೂರವಿದೆ ಎಂಬುದನ್ನು ಅಳೆಯಬೇಕು. ಎತ್ತರವನ್ನು ಆ ದೂರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಘರ್ಷಣ ಗುಣಾಂಕ. ಎತ್ತರ 30 ಸೆಂ.ಮೀ., ದೂರ 75 ಸೆಂ.ಮೀ. ಆದರೆ ಗುಣಾಂಕ 0.4. ಅಂದರೆ 100 ಕಿ.ಗ್ರಾಂ. ತೂಕದ ಕಟ್ಟಿಗೆಯ ತೊಲೆಯನ್ನು ಅದೇ ತರಹದ ಹಲಗೆಯ ಮೇಲೆ, ಸಪಾಟು ನೆಲದಲ್ಲಿ, ಎಳೆದು ಕದಲಿಸಲು 40 ಕಿ.ಗ್ರಾಂ. ತೂಕದಷ್ಟು ಬಲ ಬೇಕು ಎಂದು ಅರ್ಥ.

ಇದೇ ಹಲಗೆಯ ಮೇಲೆ ಕುಡದ ತುಂಡು, ಹಂಚಿನ ಚೂರು, ಹಳೆಯ ಟೈರಿನ ಚೂರು, ಚರ್ಮದ ಚಪ್ಪಲಿ ಇವುಗಳನ್ನು ಒಂದೊಂದಾಗಿ ಇಟ್ಟು ನೋಡಬೇಕು. ಪ್ರತಿಯೊಂದೂ ಬೇರೆ ಬೇರೆ ಎತ್ತರಕ್ಕೆ ಜಾರುತ್ತದೆ. ರಬ್ಬರು ಎಲ್ಲಕ್ಕಿಂತ ಕೊನೆಗೆ ಜಾರೀತು. ಇಲ್ಲಿ ತಿಳಿಯಬೇಕಾದ ಮೊದಲ ಸಂಗತಿಯೆಂದರೆ, ಗುಣಾಂಕವು ಒಂದು ವಸ್ತುವಿನ ಗುಣವಲ್ಲ, ಎರಡು ವಸ್ತುಗಳ ಜೋಡಿಯ ಗುಣ. ಕಬ್ಬಿಣಕ್ಕೆ ಇಷ್ಟು ಘರ್ಷಣೆ ಎಂದು ಹೇಳಲು ಬರುವುದಿಲ್ಲ. ಕಬ್ಬಿಣ ಯಾವುದರ ಮೇಲೆ ಉಜ್ಜುತ್ತದೆ ಎಂದು ಕೇಳಲೇಬೇಕು. ಕಟ್ಟಿಗೆಯ ಮೇಲೆ ಕಟ್ಟಿಗೆಗೆ ಈ ಸಂಖ್ಯೆ ಸುಮಾರು 0.25ರಿಂದ 0.5, ಒಣ ಉಕ್ಕಿನ ಮೇಲೆ ಉಕ್ಕಿಗೆ 0.6ರ ಆಸುಪಾಸು, ನಡುವೆ ಎಣ್ಣೆ ಸವರಿದರೆ 0.1ರ ಹತ್ತಿರ. ಒಣ ಕಾಂಕ್ರೀಟಿನ ಮೇಲೆ ರಬ್ಬರಿಗೆ 0.7 ಅಥವಾ ಇನ್ನೂ ಸ್ವಲ್ಪ ಹೆಚ್ಚು ಎಂದು ಹಿಡಿಯಬಹುದು. ಇವು ಅಂದಾಜಿನ ಸಂಖ್ಯೆಗಳೇ ಹೊರತು ಕಲ್ಲಿನ ಮೇಲೆ ಕೆತ್ತಿದವಲ್ಲ. ಧೂಳು, ತೇವ, ತುಕ್ಕು ಎಲ್ಲವೂ ಇವನ್ನು ಏರುಪೇರು ಮಾಡುತ್ತವೆ.

ಎರಡನೆಯ ಸಂಗತಿ: ತುಂಡನ್ನು ಮಲಗಿಸಿಟ್ಟರೂ, ಮಗ್ಗುಲಾಗಿ ನಿಲ್ಲಿಸಿಟ್ಟರೂ ಅದು ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಜಾರುತ್ತದೆ. ಮುಟ್ಟುವ ಜಾಗ ಹೆಚ್ಚಾದರೆ ಘರ್ಷಣೆ ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಲಗೆ ಅದನ್ನು ಒಪ್ಪುವುದಿಲ್ಲ. ಫ್ರಾನ್ಸಿನ ಅಮೊಂಟೊನ್ ಎಂಬ ವಿಜ್ಞಾನಿ 1699ರಲ್ಲಿ ಈ ನಿಯಮವನ್ನು ಮಂಡಿಸಿದಾಗ ಅಲ್ಲಿನ ಪಂಡಿತರಿಗೂ ಸುಲಭವಾಗಿ ನಂಬಿಕೆ ಬರಲಿಲ್ಲ. ಕೂಲಂಬ್ ಎಂಬ ಎಂಜಿನಿಯರು 1785ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅದೇ ಮತ್ತೆ ಕಂಡುಬಂದಿತು. ಕಾರಣ ಗೊತ್ತಾದದ್ದು ಬಹಳ ತಡವಾಗಿ, 20ನೆಯ ಶತಮಾನದಲ್ಲಿ. ಎಷ್ಟೇ ನುಣುಪಾಗಿ ಕಂಡರೂ ಎರಡು ಮೇಲ್ಮೈಗಳು ತಮ್ಮ ತಗ್ಗುದಿಬ್ಬಗಳ ತುದಿಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಭಾರ ಹೆಚ್ಚಿದಷ್ಟೂ ಆ ತುದಿಗಳು ಚಪ್ಪಟೆಯಾಗಿ ನಿಜವಾದ ಸಂಪರ್ಕ ಹೆಚ್ಚುತ್ತದೆ. ಹೊರಗೆ ಕಾಣುವ ಅಗಲಕ್ಕೂ ಇದಕ್ಕೂ ಸಂಬಂಧವಿಲ್ಲ.

ನುಣುಪಾದದ್ದು ಜಾರುತ್ತದೆ, ಒರಟಾದದ್ದು ಹಿಡಿಯುತ್ತದೆ ಎಂಬ ಮಾತೂ ಅರ್ಧ ಸತ್ಯ. ಚೆನ್ನಾಗಿ ನುಣುಪುಗೊಳಿಸಿ ತೊಳೆದ ಎರಡು ಗಾಜಿನ ಫಲಕಗಳನ್ನು ಒಂದರ ಮೇಲೊಂದು ಇಟ್ಟರೆ ಅವು ಅಂಟಿಕೊಂಡಂತೆ ನಿಲ್ಲುತ್ತವೆ. ಒಂದೇ ಜಾತಿಯ ಎರಡು ಲೋಹಗಳು ಎಣ್ಣೆಯಿಲ್ಲದೆ ಉಜ್ಜಿದಾಗ ತುದಿಗಳು ಒಂದಕ್ಕೊಂದು ಬೆಸೆದುಕೊಂಡು, ಕಿತ್ತು, ಮತ್ತೆ ಬೆಸೆಯುತ್ತವೆ. ಪಂಪಿನ ಉಕ್ಕಿನ ಶಾಫ್ಟಿಗೆ ಉಕ್ಕಿನದೇ ಬುಷ್ ಹಾಕದೆ ಹಿತ್ತಾಳೆ, ಕಂಚಿನ ಜಾತಿಯ ಬುಷ್ ಹಾಕುವುದು ಇದಕ್ಕಾಗಿಯೇ. ಬೇರೆ ಲೋಹವಾದರೆ ಹಿಡಿದುಕೊಳ್ಳುವುದು ಕಡಿಮೆ. ಸವೆದರೂ ಮೆತ್ತನೆಯ, ಬದಲಿಸಲು ಸುಲಭವಾದ ಬುಷ್ ಸವೆಯುತ್ತದೆ, ಶಾಫ್ಟು ಉಳಿಯುತ್ತದೆ. ಬುಷ್ ಸವೆಯಿತೆಂದು ಸಿಕ್ಕ ಕಬ್ಬಿಣದ ಕೊಳವೆ ತುಂಡನ್ನು ಕೂರಿಸಿ ಕೆಲಸ ಸಾಗಿಸಿದವರು ಎರಡು ತಿಂಗಳಲ್ಲಿ ಶಾಫ್ಟನ್ನೇ ಬದಲಿಸಬೇಕಾದೀತು.

ಮೂರನೆಯದು, ಕದಲಿಸುವುದು ಕಷ್ಟ, ಕದಲಿದ ಮೇಲೆ ಎಳೆಯುವುದು ಅಷ್ಟು ಕಷ್ಟವಲ್ಲ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಯ ತೇರನ್ನು ಎಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲ ಜಗ್ಗಿಗೆ ಬೇಕಾದ ಬಲ ನಂತರ ಬೇಕಾಗುವುದಿಲ್ಲ. ನಿಂತ ವಸ್ತುವಿನ ಘರ್ಷಣೆ ಹೆಚ್ಚು, ಜಾರುತ್ತಿರುವ ವಸ್ತುವಿನ ಘರ್ಷಣೆ ಕಡಿಮೆ. ಈ ಸಣ್ಣ ವ್ಯತ್ಯಾಸ ಮುಂದೆ ಬ್ರೇಕಿನ ವಿಷಯಕ್ಕೆ ಬಂದಾಗ ದೊಡ್ಡದಾಗುತ್ತದೆ.

ಚಕ್ಕಡಿಯ ಅಚ್ಚು ಮತ್ತು ದಾರಿ

ಕಿಲ್ಲಾರಿ ಜೋಡಿಯೊಂದರ ತೂಕ 800 ಕಿ.ಗ್ರಾಂ. ಎಂದು ಹಿಡಿಯೋಣ. ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲ ಬಲ ತನ್ನ ತೂಕದ ಹತ್ತನೆಯ ಒಂದು ಪಾಲು ಎಂಬುದು ಒಪ್ಪಿತವಾದ ಅಂದಾಜು. ಆದುದರಿಂದ ಜೋಡಿಗೆ 70ರಿಂದ 80 ಕಿ.ಗ್ರಾಂ. ಬಲ ಲಭ್ಯ. ಒಂದೆರಡು ನಿಮಿಷ ಇದರ ಹಲವು ಪಟ್ಟು ಎಳೆದಾವು, ಆದರೆ ಆ ಬಲವನ್ನು ಹೊತ್ತು ಮುಳುಗುವವರೆಗೆ ಕೇಳುವುದು ಅನ್ಯಾಯ.

ಚಕ್ಕಡಿಯೂ ಹೇರೂ ಸೇರಿ 1,000 ಕಿ.ಗ್ರಾಂ. ಇರಲಿ. ಗಾಲಿಯಿಲ್ಲದೆ ಇದನ್ನು ನೆಲದ ಮೇಲೆ ಜಾರಿಸಿ ಎಳೆಯಲು, ಗುಣಾಂಕ 0.5 ಎಂದರೂ, 500 ಕಿ.ಗ್ರಾಂ. ಬಲ ಬೇಕು. ಗಾಲಿ ಹಾಕಿದಾಗ ಉಜ್ಜುವ ಜಾಗ ನೆಲದಿಂದ ಗುಂಬದೊಳಗಿನ ಅಚ್ಚಿಗೆ ಹೋಗುತ್ತದೆ. ಅಚ್ಚಿನ ಅರೆವ್ಯಾಸ 2.5 ಸೆಂ.ಮೀ., ಗಾಲಿಯ ಅರೆವ್ಯಾಸ 75 ಸೆಂ.ಮೀ. ಆದರೆ, ಅಚ್ಚಿನಲ್ಲಿ ಹುಟ್ಟುವ ಘರ್ಷಣೆಯ ಮೂವತ್ತರಲ್ಲಿ ಒಂದು ಪಾಲು ಮಾತ್ರ ನೊಗಕ್ಕೆ ಮುಟ್ಟುತ್ತದೆ. ಎಣ್ಣೆ ಒಣಗಿದ ಅಚ್ಚಿನ ಗುಣಾಂಕ 0.3 ಆದರೆ ನೊಗಕ್ಕೆ ಬರುವ ಹೊರೆ 10 ಕಿ.ಗ್ರಾಂ.; ಕೀಲೆಣ್ಣೆ ಹಾಕಿ ಅದನ್ನು 0.1ಕ್ಕೆ ಇಳಿಸಿದರೆ 3 ಕಿ.ಗ್ರಾಂ. ಚಿಲ್ಲರೆ. ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಗೊಟ್ಟದಲ್ಲಿ ತುಂಬಿ, ಚಕ್ಕಡಿಗೆ ತೂಗುಹಾಕಿಕೊಂಡು ಹೋಗುತ್ತಿದ್ದ ಹಿರಿಯರು ಉಳಿಸುತ್ತಿದ್ದುದು ಎತ್ತಿನ ಈ ಆರೇಳು ಕಿ.ಗ್ರಾಂ. ಬಲವನ್ನು, ಜೊತೆಗೆ ಅಚ್ಚಿನ ಆಯುಷ್ಯವನ್ನು.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಗಾಲಿ ನೆಲದಲ್ಲಿ ಹೂತುಕೊಂಡು ಮಣ್ಣನ್ನು ಅಮುಕುತ್ತ ಉರುಳುವಾಗಲೂ ಬಲ ಖರ್ಚಾಗುತ್ತದೆ. ಗಟ್ಟಿ ರಸ್ತೆಯಲ್ಲಿ ಇದು ಒಟ್ಟು ಭಾರದ ನೂರಕ್ಕೆ ಮೂರು ಪಾಲು, ಸಡಿಲ ಮಣ್ಣಿನ ದಾರಿಯಲ್ಲಿ ಹತ್ತು ಪಾಲು, ಹಸಿ ಹೊಲದಲ್ಲಿ ಇಪ್ಪತ್ತು ಪಾಲು ಎಂದು ಹಿಡಿಯಬಹುದು. ನಮ್ಮ 1,000 ಕಿ.ಗ್ರಾಂ. ಚಕ್ಕಡಿಗೆ ಕ್ರಮವಾಗಿ 30, 100, 200 ಕಿ.ಗ್ರಾಂ. ಅಂದರೆ ಹಸಿ ಎರೆಯಲ್ಲಿ ಅಚ್ಚಿಗೆ ಎಷ್ಟು ಎಣ್ಣೆ ಹಾಕಿದರೂ ಜೋಡಿಯ ಶಕ್ತಿ ಸಾಲದು. ಹೊಲದ ದಾರಿಗೆ ಒಂದಿಷ್ಟು ಗರಸು ಹಾಕಿ ಗಟ್ಟಿ ಮಾಡುವುದು, ಅಚ್ಚಿಗೆ ಎಣ್ಣೆ ಹಾಕುವುದಕ್ಕಿಂತ ಹತ್ತಾರು ಪಟ್ಟು ಲಾಭದ ಕೆಲಸ ಎಂಬುದು ಈ ಲೆಕ್ಕದಿಂದ ಕಂಡುಬರುತ್ತದೆ. ಗಾಳಿ ತುಂಬಿದ ಟೈರಿನ ಗಾಡಿ ಹಗುರವಾಗಿ ಓಡುವುದಕ್ಕೆ ಅದರ ಬೇರಿಂಗು ಒಂದು ಕಾರಣವಾದರೂ, ಮೆತ್ತನೆಯ ನೆಲದಲ್ಲಿ ಅದು ಕಬ್ಬಿಣದ ಹಳಿಯಷ್ಟು ಆಳಕ್ಕೆ ಹೂಳುವುದಿಲ್ಲ ಎಂಬುದೇ ಮುಖ್ಯ ಕಾರಣ.

ಎರೆ ಮಣ್ಣು, ಮಸಾರಿ ಮಣ್ಣು, ಕುಂಟೆಯ ಕುಡ

ಮಣ್ಣಿಗೂ ಕಬ್ಬಿಣಕ್ಕೂ ನಡೆಯುವ ಘರ್ಷಣೆ ಪಾಠಪುಸ್ತಕದ ಇಟ್ಟಿಗೆಯಷ್ಟು ಸರಳವಲ್ಲ. ಒಣ ಮಣ್ಣಿನಲ್ಲಿ ಕುಡದ ಮೇಲೆ ಮಣ್ಣು ಜಾರುವುದು ಹಲಗೆಯ ಮೇಲೆ ಇಟ್ಟಿಗೆ ಜಾರಿದಂತೆ, ಭಾರಕ್ಕೆ ತಕ್ಕಷ್ಟು ಘರ್ಷಣೆ. ತೇವ ಹೆಚ್ಚಿದಂತೆ ಮಣ್ಣಿನ ಕಣಕ್ಕೂ ಕಬ್ಬಿಣಕ್ಕೂ ನಡುವೆ ತೆಳುವಾದ ನೀರಿನ ಪದರ ನಿಂತು ಎರಡನ್ನೂ ಸೆಳೆದು ಹಿಡಿಯುತ್ತದೆ. ಈಗ ಮೇಲೆ ಭಾರವೇ ಇಲ್ಲದಿದ್ದರೂ ಮಣ್ಣು ಕುಡವನ್ನು ಬಿಡುವುದಿಲ್ಲ. ಇದಕ್ಕೆ ಅಂಟುವಿಕೆ ಎನ್ನುತ್ತಾರೆ. ನೀರು ಇನ್ನೂ ಹೆಚ್ಚಾದರೆ ಅದೇ ನೀರು ಎಣ್ಣೆಯಂತೆ ಕೆಲಸ ಮಾಡಿ ಮಣ್ಣು ಜಾರತೊಡಗುತ್ತದೆ. ಕೆಸರುಗದ್ದೆಯಲ್ಲಿ ನೇಗಿಲು ಹಗುರವಾಗಿ ಸಾಗುವುದು ಇದರಿಂದ.

ಮಸಾರಿಯಲ್ಲಿ ಮರಳು ಹೆಚ್ಚು. ಅಲ್ಲಿ ನಡುವಿನ ಹಂತ, ಅಂದರೆ ಅಂಟುವ ಹಂತ, ಅಷ್ಟಾಗಿ ಕಾಣುವುದಿಲ್ಲ. ಬಾದಾಮಿ ಕಡೆಯ ಮರಳುಗಲ್ಲಿನ ಸೀಮೆಯ ಮಸಾರಿ ಹೊಲದಲ್ಲಿ ಕುಡ ಬೆಳ್ಳಿಯಂತೆ ಹೊಳೆಯುತ್ತದೆ. ಮರಳು ಅದನ್ನು ಉಜ್ಜಿ ಉಜ್ಜಿ ಬೆಳಗುತ್ತದೆ, ಹಾಗೆಯೇ ಬೇಗ ಸವೆಸುತ್ತದೆ ಕೂಡ. ಹುನಗುಂದದ ಎರೆಯಲ್ಲಿ ಜೇಡಿಯ ಪಾಲು ಅಧಿಕ. ಅಲ್ಲಿ ಹಸಿ ಹೊಲಕ್ಕೆ ಕುಂಟೆ ಇಳಿಸಿದರೆ ಹತ್ತು ಮಾರು ಹೋಗುವುದರೊಳಗೆ ಕುಡದ ಮೇಲೆ ಮಣ್ಣಿನ ಮುದ್ದೆ ಕೂರುತ್ತದೆ. ಒಮ್ಮೆ ಮುದ್ದೆ ಕೂತ ಮೇಲೆ ಉಜ್ಜುವುದು ಮಣ್ಣಿನ ಮೇಲೆ ಕಬ್ಬಿಣವಲ್ಲ, ಮಣ್ಣಿನ ಮೇಲೆ ಮಣ್ಣು. ಮಣ್ಣಿನ ಮೇಲೆ ಮಣ್ಣಿನ ಘರ್ಷಣೆ ನುಣುಪಾದ ಕಬ್ಬಿಣಕ್ಕಿಂತ ಹೆಚ್ಚು. ಕುಂಟೆ ಕೊಯ್ಯುವುದನ್ನು ಬಿಟ್ಟು ದೂಡತೊಡಗುತ್ತದೆ, ಎತ್ತು ಏದುತ್ತದೆ, ಕಸ ಮಾತ್ರ ಬೇರು ಸಹಿತ ಅಲ್ಲೇ ಇರುತ್ತದೆ.

ಹದಕ್ಕೆ ಕಾಯಬೇಕು ಎಂದು ಹಿರಿಯರು ಹೇಳುವುದು ಈ ಅಂಟುವ ಹಂತ ದಾಟಲಿ ಎಂದೇ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ, ಅದರ ಮೇಲೆ ಕುರ್ಚಿಗೆಯ ನುಣುಪು ಅಲಗನ್ನು ಅಮುಕಿ ಎತ್ತಬೇಕು. ಅಲಗಿಗೆ ಮಣ್ಣು ಮೆತ್ತಿಕೊಂಡು ಬಂದರೆ ಇನ್ನೂ ಒಂದು ದಿನ ತಡೆಯುವುದು ಲೇಸು. ಅಲಗು ಸ್ವಚ್ಛವಾಗಿ ಬಂದು ಮಣ್ಣು ಪುಡಿಯಾದರೆ ಕುಂಟೆ ಹೂಡಬಹುದು. ಮುಂಗಾರಿನಲ್ಲಿ ಮೋಡ ನೋಡಿ ಅವಸರಪಡುವುದು ಸಹಜ. ಆದರೂ ಅಂಟು ಮಣ್ಣಿನಲ್ಲಿ ಎರಡು ದಿನ ಒದ್ದಾಡಿ ಮಾಡಿದ ಕೆಲಸ, ಹದದಲ್ಲಿ ಒಂದೇ ದಿನಕ್ಕೆ ಆಗುತ್ತದೆ.

ಇನ್ನು ಕುಡದ ಆರೈಕೆ. ತುಕ್ಕು ಹಿಡಿದ ಕುಡದಲ್ಲಿ ಸಣ್ಣ ಸಣ್ಣ ಗುಳಿಗಳು ಬಿದ್ದು ಮಣ್ಣಿಗೆ ಕಾಲೂರಲು ಜಾಗ ಸಿಗುತ್ತದೆ. ಹಂಗಾಮು ಮುಗಿದೊಡನೆ ಕುಡವನ್ನು ತೊಳೆದು, ಒರೆಸಿ, ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಎಂಜಿನ್ ಎಣ್ಣೆಯನ್ನು ಸವರಿ ಇಡಬೇಕು. ಬಣ್ಣ ಬಳಿದ ಹೊಸ ರೆಂಟೆಯನ್ನು ನೇರವಾಗಿ ಎರೆಗೆ ಇಳಿಸದೆ, ಸಾಧ್ಯವಿದ್ದರೆ ಮೊದಲು ಮಸಾರಿಯಲ್ಲಿ ನಾಲ್ಕಾರು ಸಾಲು ಹೊಡೆದು ಬಣ್ಣವನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ಬಾಡಿಗೆಗೆ ತಂದ ಸಲಕರಣೆಯಲ್ಲಿ ಈ ಆರೈಕೆಯನ್ನು ಯಾರೂ ಮಾಡುವುದಿಲ್ಲ ಎಂಬುದು ಬೇರೆ ಮಾತು.

ಕಲ್ಲಿನ ಮೇಲೆ ಕಲ್ಲು

ಹುನಗುಂದದ ಸೀಮೆಯ ಐಹೊಳೆಗೆ ಹೋದವರು ಮೇಗುತಿ ಗುಡಿಯನ್ನು ನೋಡಿರಬಹುದು. ಅಲ್ಲಿರುವ ರವಿಕೀರ್ತಿಯ ಶಾಸನ ಕ್ರಿ.ಶ. 634ರದು. ಚಾಲುಕ್ಯರ ಈ ಗುಡಿಗಳಲ್ಲಿ ಮರಳುಗಲ್ಲಿನ ದೊಡ್ಡ ದಿಮ್ಮಿಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಕೂರಿಸಲಾಗಿದೆ. ಮೇಲಿನ ಕಲ್ಲಿನ ಭಾರ ಕೆಳಗಿನ ಕಲ್ಲನ್ನು ಒತ್ತುತ್ತದೆ, ಆ ಒತ್ತಿನಿಂದ ಹುಟ್ಟುವ ಘರ್ಷಣೆ ಎರಡನ್ನೂ ಅಲುಗದಂತೆ ಹಿಡಿಯುತ್ತದೆ. ಹೊಲದ ಒಡ್ಡಿಗೆ ನಾವು ಒಣಗಲ್ಲಿನಲ್ಲಿ ಕಟ್ಟುವ ಕೋಡಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಹಾಗಾದರೆ ಗುಡಿ ನಿಲ್ಲುತ್ತದೆ, ಕೋಡಿ ಏಕೆ ಒಂದೇ ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ?

ಉತ್ತರ ನೀರಿನಲ್ಲಿದೆ. ನೀರಿನಲ್ಲಿ ಮುಳುಗಿದ ವಸ್ತು ತಾನು ಸರಿಸಿದ ನೀರಿನ ತೂಕದಷ್ಟು ಹಗುರವಾಗುತ್ತದೆ ಎಂಬುದೂ ಅದೇ ಪುಸ್ತಕದ ಪಾಠ. ನೀರಿಗಿಂತ 2.3 ಪಟ್ಟು ಸಾಂದ್ರತೆಯ ಮರಳುಗಲ್ಲು 100 ಕಿ.ಗ್ರಾಂ. ಇದ್ದರೆ, ಮುಳುಗಿದಾಗ ಅದರ ತೂಕ ಸುಮಾರು 56 ಕಿ.ಗ್ರಾಂ. ಮಾತ್ರ. ಒತ್ತು ಅಷ್ಟು ಕಡಿಮೆಯಾದರೆ ಘರ್ಷಣೆಯೂ ಅಷ್ಟೇ ಕಡಿಮೆ. ಅಂದರೆ ಪ್ರವಾಹ ಜೋರಾಗಿ ದೂಡುವ ಹೊತ್ತಿಗೇ ಕಲ್ಲಿನ ಹಿಡಿತ ಅರ್ಧದಷ್ಟಾಗಿರುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟು ಇನ್ನೂ ಸ್ವಲ್ಪ ಭಾರದ ಕಲ್ಲು. ಅದು ಮುಳುಗಿದಾಗ 100ಕ್ಕೆ 62 ಕಿ.ಗ್ರಾಂ.ನಷ್ಟು ಉಳಿದೀತು. ಗಣಿಯ ಒರಟು ಚೂರು ಹತ್ತಿರದಲ್ಲಿ ಸಿಗುವುದಾದರೆ ಅದನ್ನು ಬಳಸಬಹುದು, ಆದರೆ ಗರಗಸದಲ್ಲಿ ಕೊಯ್ದು ನುಣುಪಾದ ಹಲಗೆ ಚೂರುಗಳು ಈ ಕೆಲಸಕ್ಕೆ ಬಾರವು.

ಆದುದರಿಂದ ಕೋಡಿ ಕಟ್ಟುವಾಗ ಮೇಲಿನ ವರಸೆಗೆ ಪುಡಿಗಲ್ಲು ತುಂಬದೆ ಅತ್ಯಂತ ಭಾರದ ಕಲ್ಲುಗಳನ್ನೇ ಇಡಬೇಕು. ಪ್ರತಿ ಕಲ್ಲೂ ನೀರು ಬರುವ ಕಡೆಗೆ ಸ್ವಲ್ಪ ವಾಲಿರಬೇಕು. ಆಗ ನೀರು ಅದನ್ನು ಕೆಡವಬೇಕಾದರೆ ಏರಿನ ಮೇಲೆ ದೂಡಬೇಕಾಗುತ್ತದೆ. ಎಲ್ಲಕ್ಕಿಂತ ಕೆಳಗಿನ ವರಸೆಯನ್ನು ನೇರವಾಗಿ ಎರೆ ಮಣ್ಣಿನ ಮೇಲೆ ಇಡುವುದು ದೊಡ್ಡ ತಪ್ಪು. ನೆನೆದ ಎರೆ ಕಲ್ಲಿಗೆ ಎಣ್ಣೆ ಸವರಿದ ಹಾಗೆ. ಒಂದು ಗೇಣು ತೋಡಿ, ಗರಸು ತುಂಬಿ, ಧಮ್ಮಸು ಮಾಡಿ, ಅದರ ಮೇಲೆ ಕಲ್ಲು ಕೂರಿಸಬೇಕು.

ಹಾಸು ಹೊಕ್ಕು

ಘರ್ಷಣೆ ಎಲ್ಲ ಕಡೆಯೂ ಶತ್ರುವಲ್ಲ ಎನ್ನುವುದಕ್ಕೆ ಹತ್ತಿ ಬೆಳೆಯುವ ರೈತನಿಗೆ ಅವನ ಬೆಳೆಯೇ ಸಾಕ್ಷಿ. ಹತ್ತಿಯ ಎಳೆ ಒಂದು ಅಂಗುಲದ ಆಸುಪಾಸು ಉದ್ದ. ಅಷ್ಟು ಗಿಡ್ಡ ಎಳೆಗಳಿಂದ ಮೈಲುಗಟ್ಟಲೆ ನೂಲು ಹೇಗೆ ಬರುತ್ತದೆ? ನಡುವೆ ಅಂಟಿಲ್ಲ, ಗಂಟಿಲ್ಲ. ನೂಲಿಗೆ ಹುರಿ ಹಾಕಿದಾಗ ಎಳೆಗಳು ಒಂದನ್ನೊಂದು ಒತ್ತುತ್ತವೆ. ಎಳೆದಷ್ಟೂ ಹುರಿ ಬಿಗಿದು ಒತ್ತು ಹೆಚ್ಚುತ್ತದೆ, ಘರ್ಷಣೆಯೂ ಹೆಚ್ಚುತ್ತದೆ. ಹುರಿ ಬಿಚ್ಚಿ ಎಳೆದು ನೋಡಿದರೆ ನೂಲು ಹರಿಯುವುದಿಲ್ಲ, ಸುಮ್ಮನೆ ಜಾರಿ ಬೇರೆಯಾಗುತ್ತದೆ. ನಾವು ಉಟ್ಟ ಬಟ್ಟೆ ಮೈಮೇಲೆ ನಿಂತಿರುವುದೇ ಘರ್ಷಣೆಯಿಂದ.

ಇಳಕಲ್ಲಿನ ಕುಣಿಮಗ್ಗದಲ್ಲಿ ಈ ವಿಷಯ ಇನ್ನೂ ಸ್ವಾರಸ್ಯಕರ. ಹಾಸಿನ ಪ್ರತಿ ಎಳೆಯೂ ಸೀರೆ ಮುಗಿಯುವವರೆಗೆ ಹಣಿಗೆಯ ಹಲ್ಲುಗಳ ನಡುವೆ ಸಾವಿರಾರು ಸಲ ಉಜ್ಜುತ್ತದೆ, ಅದರ ಮೇಲೆ ಲಾಳಿ ಹೋಗಿ ಬರುತ್ತದೆ. ಹತ್ತಿ ನೂಲಿನ ಮೇಲೆ ಚಾಚಿಕೊಂಡಿರುವ ಸಣ್ಣ ಜುಂಗುಗಳು ಮೊದಲು ಕಿತ್ತು, ಆಮೇಲೆ ನೂಲೇ ಹರಿಯುತ್ತದೆ. ಹಾಸಿಗೆ ಗಂಜಿ ಕೊಡುವುದರಿಂದ ಆ ಜುಂಗು ಮಲಗಿ, ನೂಲಿಗೆ ನುಣುಪಾದ ಹೊದಿಕೆ ಬರುತ್ತದೆ. ರೇಷ್ಮೆಯ ಕಥೆ ಬೇರೆ. ಅದು ಒಂದೊಂದು ಗೂಡಿನಿಂದ ನೂರಾರು ಮೀಟರ್ ಉದ್ದಕ್ಕೆ ಬಿಚ್ಚಿಕೊಳ್ಳುವ ಅಖಂಡ ಎಳೆ, ಜುಂಗಿಲ್ಲ, ನುಣುಪು. ಹಣಿಗೆಯಲ್ಲಿ ಸಲೀಸು, ಆದರೆ ಗಂಟು ಹಾಕಿದರೆ ಜಾರುತ್ತದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಕುಣಿಕೆಗೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಸ್ವಭಾವದಲ್ಲಿ ಒಂದಕ್ಕೊಂದು ಹೊಂದದ ಎರಡು ಎಳೆಗಳನ್ನು ಹೀಗೆ ಕೂಡಿಸುವುದು ಕೈಗೆ ಕಲಿಸಿದ ವಿದ್ಯೆ. ಯಾವ ಪುಸ್ತಕದಲ್ಲಿಯೂ ಅದಕ್ಕೆ ಸೂತ್ರವಿಲ್ಲ.

ಹಗ್ಗದ ಸುತ್ತು ಕುರಿತು ಒಂದು ಮಾತು. ಎಮ್ಮೆ ಜಗ್ಗುವಾಗ ಹಗ್ಗವನ್ನು ಗೂಟಕ್ಕೆ ಸುತ್ತಿ ಹಿಡಿಯುತ್ತೇವೆ. ಹಗ್ಗಕ್ಕೂ ಗೂಟಕ್ಕೂ ಗುಣಾಂಕ 0.3 ಆದರೆ, ಒಂದು ಸುತ್ತಿಗೆ ನಮ್ಮ ಕೈಯ ಬಲ ಆರೂವರೆ ಪಟ್ಟು ಆಗುತ್ತದೆ. ಎರಡು ಸುತ್ತಿಗೆ 43 ಪಟ್ಟು. ಐದು ಕಿ.ಗ್ರಾಂ. ಬಲದಿಂದ ಹಿಡಿದ ಹುಡುಗ 200 ಕಿ.ಗ್ರಾಂ. ಜಗ್ಗನ್ನು ತಡೆದಾನು. ಸುತ್ತು ಕೂಡುತ್ತ ಹೋದಂತೆ ಬಲ ಕೂಡುವುದಿಲ್ಲ, ಗುಣಿಸುತ್ತದೆ. ಆದರೆ ಹಗ್ಗವನ್ನು ಕೈಗೇ ಸುತ್ತಿಕೊಂಡವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಎಮ್ಮೆ ಓಡಿದರೆ ಆ ಹಗ್ಗ ಬಿಚ್ಚಿಕೊಳ್ಳುವುದಿಲ್ಲ.

ಟ್ರೇಲರು ನಿಲ್ಲುವುದಕ್ಕೆ ಎಷ್ಟು ದೂರ ಬೇಕು?

ಈ ಲೇಖನ ಬರೆಯಲು ನಿಜವಾದ ಕಾರಣ ಇದು. ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬಿನ ಹಂಗಾಮು ಬಂತೆಂದರೆ ರಾತ್ರಿಯೆಲ್ಲ ರಸ್ತೆಯ ಮೇಲೆ ಟ್ರ್ಯಾಕ್ಟರುಗಳು. ಹಿಂದೆ ಟ್ರೇಲರು, ಒಮ್ಮೊಮ್ಮೆ ಎರಡು. ಎಂಜಿನ್ನಿನ ಶಕ್ತಿ ಎಷ್ಟು ಎಳೆಯುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಎಳೆದದ್ದು ನಿಲ್ಲುವುದು ಹೇಗೆ ಎಂದು ವಿಚಾರಿಸುವವರು ಕಡಿಮೆ.

ಗಾಡಿಯನ್ನು ನಿಲ್ಲಿಸುವುದು ಬ್ರೇಕಲ್ಲ. ಬ್ರೇಕು ಗಾಲಿಯನ್ನು ಮಾತ್ರ ತಡೆಯುತ್ತದೆ. ಗಾಡಿಯನ್ನು ತಡೆಯುವುದು ಟೈರಿಗೂ ರಸ್ತೆಗೂ ಇರುವ ಘರ್ಷಣೆ. ಆ ಘರ್ಷಣೆ ಎಷ್ಟಿರಬಹುದು? ಬ್ರೇಕು ಇರುವ ಗಾಲಿಗಳ ಮೇಲೆ ಬಿದ್ದಿರುವ ಭಾರವನ್ನು ಗುಣಾಂಕದಿಂದ ಗುಣಿಸಿದಷ್ಟು. ಹಲಗೆಯ ಪ್ರಯೋಗದ ಲೆಕ್ಕವೇ.

ಒಂದು ಉದಾಹರಣೆ ನೋಡೋಣ. ಟ್ರ್ಯಾಕ್ಟರು 2 ಟನ್, ಅದರಲ್ಲಿ ಹಿಂದಿನ ಎರಡು ಗಾಲಿಗಳ ಮೇಲೆ ಒಂದೂವರೆ ಟನ್. ಟ್ರೇಲರೂ ಕಬ್ಬೂ ಸೇರಿ 8 ಟನ್. ಒಟ್ಟು 10 ಟನ್. ವೇಗ ಗಂಟೆಗೆ 30 ಕಿ.ಮೀ. ರಸ್ತೆ ಒಣಗಿದೆ, ಗುಣಾಂಕ 0.7. ಎಲ್ಲ ಗಾಲಿಗಳಿಗೂ ಬ್ರೇಕು ಇದ್ದಿದ್ದರೆ ಬ್ರೇಕು ಒತ್ತಿದ ಮೇಲೆ 5 ಮೀಟರಿನಲ್ಲಿ ನಿಲ್ಲುತ್ತಿತ್ತು. ಇಲ್ಲಿ ಒಂದು ಆಶ್ಚರ್ಯ: ಭಾರ ಇಮ್ಮಡಿಯಾದರೂ ಈ 5 ಮೀಟರು ಬದಲಾಗುವುದಿಲ್ಲ, ಏಕೆಂದರೆ ಭಾರದೊಡನೆ ಘರ್ಷಣೆಯೂ ಇಮ್ಮಡಿಯಾಗುತ್ತದೆ. ಆದರೆ ಟ್ರೇಲರಿಗೆ ಬ್ರೇಕು ಇಲ್ಲದಿದ್ದರೆ, ಒಂದೂವರೆ ಟನ್ ಹೊತ್ತ ಎರಡು ಗಾಲಿಗಳೇ 10 ಟನ್ನನ್ನು ನಿಲ್ಲಿಸಬೇಕು. ಆಗ 34 ಮೀಟರ್ ಬೇಕು. ಚಾಲಕ ಅಪಾಯ ಕಂಡು ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಇನ್ನೂ 8 ಮೀಟರ್ ಸೇರಿಸಿಕೊಳ್ಳಬೇಕು.

ಈಗ ರಸ್ತೆಗೆ ಇಳಿಜಾರು ಸೇರಿಸೋಣ. 20 ಮೀಟರಿಗೆ ಒಂದು ಮೀಟರ್ ಇಳಿಯುವ ರಸ್ತೆ ಕಣ್ಣಿಗೆ ಅಷ್ಟೇನೂ ಕಡಿದಾಗಿ ಕಾಣುವುದಿಲ್ಲ. ಆದರೆ 10 ಟನ್ ಭಾರ ಅಲ್ಲಿ ಅರ್ಧ ಟನ್ ಬಲದಿಂದ ಕೆಳಕ್ಕೆ ದೂಡುತ್ತಿರುತ್ತದೆ. ಗಾಲಿಗಳ ಹಿಡಿತ ಒಟ್ಟು ಒಂದು ಟನ್ನಿನಷ್ಟು. ಅದರಲ್ಲಿ ಅರ್ಧ ಇಳಿಜಾರನ್ನು ತಡೆಯುವುದಕ್ಕೇ ಹೋಗುತ್ತದೆ. ನಿಲ್ಲಲು ಬೇಕಾದ ದೂರ 64 ಮೀಟರ್. ಮೊದಲ ಮಳೆ ಬಿದ್ದು, ಹೊಲದಿಂದ ಬಂದ ಗಾಲಿಗಳು ಎರೆ ಮಣ್ಣನ್ನು ಡಾಂಬರಿನ ಮೇಲೆ ಮೆತ್ತಿದ್ದರೆ ಗುಣಾಂಕ 0.4ಕ್ಕೆ ಇಳಿದೀತು. ಆಗ ಇದೇ ಇಳಿಜಾರಿನಲ್ಲಿ ನಿಲ್ಲಲು 350 ಮೀಟರ್ ಬೇಕು. ಹತ್ತಕ್ಕೆ ಒಂದು ಇಳಿಯುವ ರಸ್ತೆಯಾದರೆ ದೂಡುವ ಬಲ ಹಿಡಿತಕ್ಕಿಂತ ಹೆಚ್ಚು. ಬ್ರೇಕನ್ನು ಎಷ್ಟೇ ಒತ್ತಿದರೂ ಗಾಡಿ ನಿಲ್ಲುವುದಿಲ್ಲ, ವೇಗ ಹೆಚ್ಚುತ್ತ ಹೋಗುತ್ತದೆ. ಬ್ರೇಕು ಫೇಲಾಯಿತು ಎಂದು ನಾವು ಹೇಳುವ ಎಷ್ಟೋ ಸಂದರ್ಭಗಳಲ್ಲಿ ಬ್ರೇಕು ಸರಿಯಾಗಿಯೇ ಇದ್ದಿರಬಹುದು; ಫೇಲಾದದ್ದು ಲೆಕ್ಕ.

ಟ್ರೇಲರು ಕೊಳ್ಳುವಾಗ ಬ್ರೇಕು ಇರುವುದನ್ನೇ ಕೇಳಿ ಕೊಳ್ಳಬೇಕು. ಬೆಲೆ ಹೆಚ್ಚು ಎಂಬುದು ನಿಜ. ಈಗಾಗಲೇ ಬ್ರೇಕಿಲ್ಲದ ಟ್ರೇಲರು ಇರುವವರು ಹೇರನ್ನು ಕಡಿಮೆ ಮಾಡಬೇಕು, ವೇಗವನ್ನು ಅದಕ್ಕಿಂತಲೂ ಕಡಿಮೆ ಮಾಡಬೇಕು. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲು ಭಾಗವಾಗುತ್ತದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವುದು ಸಾವಿಗೆ ಕರೆ ಕೊಟ್ಟಂತೆ. ಎಂಜಿನ್ನಿನ ತಡೆ ಬ್ರೇಕನ್ನು ಕಾಯದಂತೆ ಉಳಿಸುತ್ತದೆ. ಆದರೆ ಅದೂ ಅದೇ ಎರಡು ಗಾಲಿಗಳ ಮೂಲಕವೇ ರಸ್ತೆಗೆ ತಲುಪಬೇಕಾದ್ದರಿಂದ ಹಿಡಿತ ಹೆಚ್ಚಾಯಿತೆಂದು ತಿಳಿಯಬಾರದು.

ರಸ್ತೆಗೆ ಬಂದೊಡನೆ ಎಡ ಬಲದ ಎರಡು ಬ್ರೇಕ್ ಪೆಡಲುಗಳನ್ನು ಕೊಂಡಿಯಿಂದ ಜೋಡಿಸಬೇಕು. ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಅವುಗಳನ್ನು ಬೇರೆ ಬೇರೆ ಮಾಡಿಟ್ಟಿದ್ದಾರೆ. ರಸ್ತೆಯಲ್ಲಿ ಗಾಬರಿಯಿಂದ ಒಂದನ್ನೇ ಒತ್ತಿದರೆ ಒಂದು ಗಾಲಿ ಮಾತ್ರ ಹಿಡಿದು ಟ್ರ್ಯಾಕ್ಟರು ಅಡ್ಡ ತಿರುಗುತ್ತದೆ, ಹಿಂದಿನ 8 ಟನ್ ಅದನ್ನು ಉರುಳಿಸುತ್ತದೆ. ಬ್ರೇಕನ್ನು ಒಮ್ಮೆಲೇ ಪೂರ್ತಿ ಒತ್ತಿ ಗಾಲಿ ಬಿಗಿದು ಜಾರುವಂತೆ ಮಾಡುವುದೂ ತಪ್ಪು. ಉರುಳುವ ಟೈರಿನ ಕೆಳಭಾಗ ರಸ್ತೆಯ ಮೇಲೆ ನಿಂತಂತೆಯೇ ಇರುತ್ತದೆ, ಬಿಗಿದ ಟೈರು ಜಾರುತ್ತದೆ. ನಿಂತದ್ದರ ಘರ್ಷಣೆ ಹೆಚ್ಚು, ಜಾರುವುದರದು ಕಡಿಮೆ ಎಂದು ತೇರಿನ ಮಾತಿನಲ್ಲಿ ನೋಡಿದ್ದೇವೆ. ಎರಡು ಗಾಲಿಯ ಟ್ರೇಲರಿನಲ್ಲಿ ಹೇರು ಹಿಂದಕ್ಕೆ ವಾಲಿದರೆ ಕೊಂಡಿ ಮೇಲಕ್ಕೆ ಎತ್ತಿ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳನ್ನು ಹಗುರ ಮಾಡುತ್ತದೆ. ಇರುವ ಹಿಡಿತವೂ ಹೋಗುತ್ತದೆ. ಹೇರಿನ ಭಾರ ಅಚ್ಚಿಗಿಂತ ತುಸು ಮುಂದೆ ಇರಬೇಕು.

ಹೊಲದಿಂದ ರಸ್ತೆಗೆ ಹತ್ತುವ ಜಾಗದಲ್ಲಿ ಗರಸು ಹಾಕಿ, ಟೈರಿಗೆ ಮೆತ್ತಿದ ಎರೆಯನ್ನು ಅಲ್ಲಿಯೇ ಕೆರೆದು ಹೊರಡುವುದು ಹತ್ತು ನಿಮಿಷದ ಕೆಲಸ. ನಾವು ರಸ್ತೆಯ ಮೇಲೆ ಬಿಟ್ಟು ಹೋದ ಮಣ್ಣಿನ ಮೇಲೆ ಜಾರುವವರು ಹೆಚ್ಚಾಗಿ ನಾವಲ್ಲ, ಹಿಂದೆ ಸೈಕಲ್ಲು, ಮೋಟಾರ್ ಸೈಕಲ್ಲಿನಲ್ಲಿ ಬರುವವರು.

ಕಡೆಯದಾಗಿ ಕಲ್ಲಿನ ವಿಷಯ. ಏರಿನಲ್ಲಿ ಟ್ರೇಲರು ನಿಂತಾಗ ಗಾಲಿಗೆ ದಪ್ಪ ಕಲ್ಲು ಕೊಟ್ಟು, ಹೊರಡುವಾಗ ಅದನ್ನು ರಸ್ತೆಯಲ್ಲಿಯೇ ಬಿಟ್ಟು ಹೋಗುವುದು ಎಲ್ಲೆಲ್ಲಿಯೂ ಕಂಡುಬರುತ್ತದೆ. ಕತ್ತಲಲ್ಲಿ ಆ ಕಲ್ಲು ಮತ್ತೊಬ್ಬನ ಮನೆ ಮುರಿಯುತ್ತದೆ. ಅದಲ್ಲದೆ ಗುಂಡುಗಲ್ಲು ಗಾಲಿಯೊಡನೆ ತಾನೂ ಉರುಳೀತು. ಇದರ ಬದಲು ಜಾಲಿ ಕಟ್ಟಿಗೆಯ ಎರಡು ಬೆಣೆಗಳನ್ನು ಬಡಗಿಯಿಂದ ಮಾಡಿಸಿ, ಕೆಳಮೈಗೆ ಹಳೆಯ ಟೈರಿನ ತುಂಡನ್ನು ಹೂವು ಹೊರಗೆ ಬರುವಂತೆ ಮೊಳೆ ಹೊಡೆದು, ಸರಪಳಿಯಿಂದ ಟ್ರೇಲರಿನ ಚೌಕಟ್ಟಿಗೆ ಕಟ್ಟಿಕೊಳ್ಳಬೇಕು. ಮೊಳೆಯ ತಲೆ ರಬ್ಬರಿನ ಒಳಗೆ ಹೂತಿರಬೇಕು. ಹೊರಗೆ ಉಳಿದರೆ ರಸ್ತೆ ಮುಟ್ಟುವುದು ರಬ್ಬರಲ್ಲ, ಕಬ್ಬಿಣ. ಸರಪಳಿ ಇದ್ದರೆ ಹೊರಡುವಾಗ ಬೆಣೆ ಎತ್ತಲು ಮರೆತರೂ ಅದು ಗಾಡಿಯ ಹಿಂದೆ ಎಳೆದುಕೊಂಡು ಬರುತ್ತದೆ, ಸದ್ದು ಕೇಳಿ ನಿಲ್ಲಿಸಬಹುದು.